ತಾಳ ತಪ್ಪದ ಪುಟ್ಟ ಲ್ಯಾಪ್‌ಟಾಪ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಪ್ರೊಸೆಸರ್ ಇರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಬೆರಳೆಣಿಕೆಯ ವಿನಾಯಿತಿಗಳನ್ನು ಬಿಟ್ಟರೆ ಏಳನೇ ತಲೆಮಾರಿನ ಯಂತ್ರಗಳೆಲ್ಲ ಹೊಸ್ತಿಲಿನಾಚೆಗೇ ಉಳಿದವು. ಅವುಗಳಲ್ಲಿ ಕೆಟ್ಟದ್ದು ಏನೂ ಇಲ್ಲ. ಕೀಲಿಗಳು ಗಟ್ಟಿಯಾಗಿವೆ, ಪರದೆ ಬೆಳಗುತ್ತದೆ, ಪ್ರೊಸೆಸರ್ ನಿನ್ನೆ ಮಾಡುತ್ತಿದ್ದ ಲೆಕ್ಕವನ್ನು ಇವತ್ತೂ ಮಾಡುತ್ತದೆ. ಕಾಗದದ ಮೇಲೆ ಮಾತ್ರ ನಿವೃತ್ತಿ. ಕಂಪನಿಗಳು ಇಂಥ ಲ್ಯಾಪ್‌ಟಾಪುಗಳನ್ನು ಲಾಟುಗಟ್ಟಲೆ ಹೊರಹಾಕುತ್ತವೆ. ಅವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗೆ ಬಂದು, ಒರೆಸಿಕೊಂಡು, ಸ್ಟಿಕ್ಕರ್ ಕಿತ್ತಿಸಿಕೊಂಡು, ಮಹಡಿ ಮೇಲಿನ ಅಂಗಡಿಗಳಲ್ಲಿ ಒಂದರ ಮೇಲೊಂದು ಪೇರಿಸಿಕೊಂಡು ಕೂತಿರುತ್ತವೆ.

ಆ ಪೇರಿಕೆಯಲ್ಲಿ ನನ್ನ ಕಣ್ಣು ಹೋಗುವುದು ಥಿಂಕ್‌ಪ್ಯಾಡ್ ಎಕ್ಸ್270ರ ಕಡೆಗೆ. 2017ರ ಮಾದರಿ. ಹನ್ನೆರಡೂವರೆ ಇಂಚಿನ ಪರದೆ, ತೂಕ ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋದೊಳಗೆ, ಎರಡು ಕೋರ್‌ನ ಪ್ರೊಸೆಸರ್. ಕೀಲಿಮಣೆಯ ನಡುವೆ ಕುಂಕುಮದ ಬೊಟ್ಟಿನಷ್ಟು ಕೆಂಪು ಗುಂಡಿ. ಬೆರಳನ್ನು ಕೀಲಿಗಳಿಂದ ಎತ್ತದೆ ಬಾಣವನ್ನು ಆಡಿಸಬಹುದು. ಸೆಕೆಂಡ್‌ಹ್ಯಾಂಡ್ ಆದ್ದರಿಂದ ಹೊಸ ಫೋನೊಂದರ ದುಡ್ಡಿಗೇ ಸಿಗುತ್ತದೆ. ಇದನ್ನು ಕೊಂಡು, ಲಿನಕ್ಸ್ ಹಾಕಿ, ನಿತ್ಯದ ಬರವಣಿಗೆ–ಬ್ಯಾಂಕು–ಮೇಲ್ ಜೊತೆಗೆ ಧ್ವನಿಮುದ್ರಣಕ್ಕೂ ಒಗ್ಗಿಸಿಕೊಂಡದ್ದು ಹೇಗೆ ಎಂಬುದೇ ಈ ಬರಹದ ವಿಷಯ.

ಅದೇ ದುಡ್ಡಿಗೆ ಹೊಚ್ಚಹೊಸ ಲ್ಯಾಪ್‌ಟಾಪೂ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ. ಅದರಲ್ಲಿ 4 ಜಿಬಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಸಂಗ್ರಹಕ್ಕೆ 64 ಜಿಬಿಯ ಇಎಂಎಂಸಿ ಚಿಪ್ ಕೊಟ್ಟು ಅದನ್ನೂ ಬೆಸೆದಿರುತ್ತಾರೆ. ನಾಳೆ ಸಾಲದಾದರೆ ಏನೂ ಮಾಡುವಂತಿಲ್ಲ. ಲಿನಕ್ಸ್ ಹಾಕಿದರೆ ಸ್ಪೀಕರಿನಿಂದ ಸದ್ದೇ ಬರದಿರುವುದೂ ಉಂಟು. ಈಚಿನ ಇಂಟೆಲ್ ಯಂತ್ರಗಳಲ್ಲಿ ಧ್ವನಿಯ ಚಿಪ್ಪಿಗೆ ಪ್ರತ್ಯೇಕ ಫರ್ಮ್‌ವೇರ್ ಬೇಕಾಗುತ್ತದೆ, ಅದನ್ನು ಹುಡುಕಿ ಹಾಕುವವರೆಗೂ ಲ್ಯಾಪ್‌ಟಾಪ್ ಮೂಗಬಸವನೇ. ಧ್ವನಿಗಾಗಿಯೇ ಯಂತ್ರ ಕೊಳ್ಳುವವರು ಶುರುವಿನಲ್ಲೇ ಇದಕ್ಕೆ ಸಿಕ್ಕಿಹಾಕಿಕೊಳ್ಳುವುದು ಬೇಡ.

ಪುಟ್ಟ, ಅಗ್ಗದ, ಲಿನಕ್ಸ್ ಇರುವ ಲ್ಯಾಪ್‌ಟಾಪ್ ಎಂಬ ಆಸೆಗೆ ವಯಸ್ಸಾಯಿತು. 2007ರಲ್ಲಿ ತೈವಾನಿನ ಏಸುಸ್ ಕಂಪನಿ ಈ-ಪಿಸಿ 701 ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಏಳು ಇಂಚಿನ ಪರದೆ, 512 ಎಂಬಿ ರ‍್ಯಾಮ್, ಬರೀ 4 ಜಿಬಿ ಸಂಗ್ರಹ, ಒಳಗೆ ಕ್ಸ್ಯಾಂಡ್ರೋಸ್ ಎಂಬ ಲಿನಕ್ಸ್. ತೂಕ ಒಂದು ಕಿಲೋಗೂ ಕಡಿಮೆ. ಜನ ಮುಗಿಬಿದ್ದು ಕೊಂಡರು, ‘ನೆಟ್‌ಬುಕ್’ ಎಂಬ ಹೊಸ ಜಾತಿಯೇ ಹುಟ್ಟಿಕೊಂಡಿತು. ಎರಡು–ಮೂರು ವರ್ಷದೊಳಗೆ ಅವುಗಳಿಗೂ ವಿಂಡೋಸ್ ಏರಿತು, ಪರದೆ ದೊಡ್ಡದಾಯಿತು, ಆಮೇಲೆ ಟ್ಯಾಬ್ಲೆಟ್ ಬಂದು ಎಲ್ಲವನ್ನೂ ಗುಡಿಸಿಹಾಕಿತು. ಆ ಪುಟಾಣಿಯಲ್ಲಿ ರೆಕಾರ್ಡಿಂಗ್ ಮಾಡಿದವರೂ ಇದ್ದರು, ಆದರೆ ಅದು ಹಟದ ಕೆಲಸ. ಎಕ್ಸ್270ರಲ್ಲಿ ಹಟ ಬೇಕಿಲ್ಲ.

ತಿರುಪುಳಿ ಕೆಲಸ

ತಂದ ಮೇಲೆ ಮೊದಲ ಕೆಲಸ ಬಿಚ್ಚುವುದು. ಈ ಮಾದರಿಗೆ ಎರಡು ಬ್ಯಾಟರಿ: ಹಿಂಬದಿಗೆ ಚಿಲಕ ಸರಿಸಿ ತೆಗೆಯುವಂಥದ್ದು ಒಂದು, ಒಳಗೆ ಅಡಗಿರುವುದು ಇನ್ನೊಂದು. ಹಿಂದಿನದನ್ನು ತೆಗೆದಾಕ್ಷಣ ವಿದ್ಯುತ್ ಹೋಯಿತೆಂದುಕೊಳ್ಳಬಾರದು, ಒಳಗಿನದು ಇನ್ನೂ ಜೀವಂತವಾಗಿರುತ್ತದೆ. ಅದಕ್ಕೇ ಮೊದಲು ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನೊಳಗೆ ಹೋಗಿ, ಪವರ್ ವಿಭಾಗದಲ್ಲಿ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ಒತ್ತಬೇಕು. ಯಂತ್ರ ತಾನಾಗಿ ಆರುತ್ತದೆ. ಮತ್ತೆ ಚಾರ್ಜರ್ ಚುಚ್ಚುವವರೆಗೆ ಏಳುವುದಿಲ್ಲ. ಆಮೇಲೆ ತಳದ ಸ್ಕ್ರೂಗಳನ್ನು ಸಡಿಲಿಸಿ. ಅವು ಕೈಗೆ ಬರುವುದಿಲ್ಲ, ಮುಚ್ಚಳದಲ್ಲೇ ಕಚ್ಚಿಕೊಂಡಿರುತ್ತವೆ. ಒಂದು ಸ್ಕ್ರೂ ಉರುಳಿ ಮಂಚದ ಕೆಳಗೆ ಹೋಯಿತೆಂದು ಟಾರ್ಚ್ ಹಿಡಿಯುವ ಪ್ರಸಂಗವನ್ನು ತಪ್ಪಿಸಿದ ಆ ವಿನ್ಯಾಸಕಾರರಿಗೆ ಒಂದು ನಮಸ್ಕಾರ. ಅಂಚುಗಳಲ್ಲಿ ಪ್ಲಾಸ್ಟಿಕ್ ಕೊಕ್ಕೆಗಳಿವೆ. ಹಳೆಯ ಸಿಮ್ ಕಾರ್ಡ್‌ನಂಥದ್ದೇನಾದರೂ ತೂರಿಸಿ ಮೆಲ್ಲಗೆ ಎಬ್ಬಿಸಿದರೆ ‘ಟಕ್ ಟಕ್’ ಎಂದು ಬಿಟ್ಟುಕೊಳ್ಳುತ್ತವೆ.

ಒಳಗೆ ರ‍್ಯಾಮಿಗೆ ಒಂದೇ ಗೂಡು. ಆದ್ದರಿಂದ ಇದ್ದ 4 ಜಿಬಿಯ ಪಟ್ಟಿ ತೆಗೆದು 8 ಅಥವಾ 16 ಜಿಬಿಯದು ಹಾಕುವುದೇ ದಾರಿ, ಪಕ್ಕಕ್ಕೆ ಸೇರಿಸುವಂತಿಲ್ಲ. ಧ್ವನಿಯ ಕೆಲಸಕ್ಕೆ 8 ಧಾರಾಳ. ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ಕಿತ್ತು ಎಸ್‌ಎಸ್‌ಡಿ ಹಾಕಲೇಬೇಕು. ವೇಗ ಹೆಚ್ಚುತ್ತದೆಂಬ ಕಾರಣ ಎಲ್ಲರಿಗೂ ಗೊತ್ತು. ಹಾರ್ಡ್‌ಡಿಸ್ಕಿನ ತಟ್ಟೆ ತಿರುಗುವ ಸದ್ದು ಮೇಜಿನ ಮೂಲಕ ಮೈಕಿಗೆ ಹತ್ತುತ್ತದೆ ಎಂಬುದು ರೆಕಾರ್ಡಿಂಗ್ ಮಾಡುವವರಿಗೆ ಮಾತ್ರ ಗೊತ್ತು. ಕೊನೆಯದಾಗಿ ಫ್ಯಾನು. ಏಳೆಂಟು ವರ್ಷದ ಆಫೀಸು ಧೂಳು ರೆಕ್ಕೆಗಳಲ್ಲಿ ಕಂಬಳಿಯಂತೆ ಕೂತಿರುತ್ತದೆ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ಬ್ರಷ್ಷಿನಿಂದ ಧೂಳು ತೆಗೆದು, ಹಳೆ ಪೇಸ್ಟ್ ಒರೆಸಿ, ಕಡಲೆಕಾಳಿಗಿಂತ ಚಿಕ್ಕ ಹನಿಯಷ್ಟು ಹೊಸದನ್ನು ಇಟ್ಟರೆ ಫ್ಯಾನಿನ ಗೋಳು ಅರ್ಧಕ್ಕರ್ಧ ಇಳಿಯುತ್ತದೆ. ಧ್ವನಿಮುದ್ರಣದ ದೃಷ್ಟಿಯಿಂದ ನೋಡಿದರೆ ಇಡೀ ಕೆಲಸದಲ್ಲಿ ಅತ್ಯಂತ ಲಾಭದ ಖರ್ಚು ಈ ಪೇಸ್ಟಿನ ಟ್ಯೂಬೇ.

ಹಗಲು ಕೆಲಸ

ಯಾವ ಲಿನಕ್ಸ್ ಎಂಬ ಚರ್ಚೆಗೆ ಕೂತರೆ ಈ ಪುರವಣಿ ಸಾಲದು. ಉಬುಂಟು ಸ್ಟುಡಿಯೊ, ಎವಿ ಲಿನಕ್ಸ್ ಎಂದು ಧ್ವನಿಗಾಗಿಯೇ ಕಟ್ಟಿದ ಆವೃತ್ತಿಗಳಿವೆ; ನೂರೆಂಟು ಸಲಕರಣೆ ತುಂಬಿಕೊಂಡೇ ಬರುತ್ತವೆ. ನನಗೆ ಖಾಲಿ ಮನೆಗೆ ಬೇಕಾದ ಸಾಮಾನು ತಂದಿಟ್ಟುಕೊಳ್ಳುವುದೇ ಇಷ್ಟ. ಹಾಗಾಗಿ ಡೆಬಿಯನ್ 13, ಮೇಲೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. 2025ರ ಆಗಸ್ಟಿನಲ್ಲಿ ಬಂದ ಈ ಡೆಬಿಯನ್‌ನಲ್ಲಿರುವುದು ಲಿನಕ್ಸ್ 6.12 ಕರ್ನಲ್. ಆ ಸಂಖ್ಯೆಗೂ ಧ್ವನಿಗೂ ಒಂದು ನಂಟಿದೆ, ಮುಂದೆ ಬರುತ್ತದೆ. ಎಕ್ಸ್‌ಎಫ್‌ಸಿಇ ನೋಡಲು ಸಾದಾ. ಕಿಟಕಿಗಳು ಹಾರುವುದಿಲ್ಲ, ಕರಗುವುದಿಲ್ಲ, ತೆರೆಯೆಂದರೆ ತೆರೆಯುತ್ತವೆ. ಅಷ್ಟು ಸಾಕು.

ಕನ್ನಡಕ್ಕೆ ಬೇರೆ ತಂತ್ರಾಂಶವೇನೂ ಬೇಡ. ಕೆ.ಪಿ. ರಾವ್ ಅವರು ಹಾಕಿಕೊಟ್ಟ ವಿನ್ಯಾಸದ ದಾರಿಯಲ್ಲೇ ಬಂದ ಕಗಪ ಕೀಲಿಮಣೆ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸೇರಿಸಿ, ಇಂಗ್ಲಿಷಿನಿಂದ ಕನ್ನಡಕ್ಕೆ ಹಾರಲು ಒಂದು ಕೀಲಿ ಗೊತ್ತುಮಾಡಿಕೊಂಡರೆ ಮುಗಿಯಿತು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಅಕ್ಷರಕ್ಕೆ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಗುಬ್ಬಿಯಲ್ಲಿ ಒತ್ತಕ್ಷರಗಳು ಪುಟ್ಟ ಪರದೆಯಲ್ಲೂ ಬಿಡಿಬಿಡಿಯಾಗಿ ಕಾಣುತ್ತವೆ, ಇದು ಹನ್ನೆರಡೂವರೆ ಇಂಚಿನವರಿಗೆ ದೊಡ್ಡ ಉಪಕಾರ. ಒಂದೇ ತಲೆನೋವು ಎಂದರೆ ಇಂದಿಗೂ ಕೆಲವು ಮುದ್ರಣಾಲಯಗಳು ನುಡಿಯ ಹಳೆಯ ಆಸ್ಕಿ ಫೈಲನ್ನೇ ಕೇಳುತ್ತವೆ. ಯುನಿಕೋಡಿನಲ್ಲಿ ಬರೆದು, ಪರಿವರ್ತಕದಲ್ಲಿ ಹಾಕಿ, ಒಡೆದ ಅರ್ಕಾವೊತ್ತುಗಳನ್ನು ಕೈಯಾರೆ ಜೋಡಿಸಿ ಕಳಿಸುವ ಶ್ರಾದ್ಧ ಮಾಡಲೇಬೇಕು. ಲಿನಕ್ಸಿನ ತಪ್ಪೇನೂ ಇದರಲ್ಲಿಲ್ಲ.

ಬ್ಯಾಟರಿಗೆ ಟಿಎಲ್‌ಪಿ ಎಂಬ ಸಲಕರಣೆ ಹಾಕಿಕೊಳ್ಳಿ. ಸದಾ ಚಾರ್ಜಿಗೇ ಹಾಕಿಡುವವರು 80 ಪ್ರತಿಶತಕ್ಕೆ ನಿಲ್ಲಿಸು ಎಂದು ಹೇಳಿಟ್ಟರೆ ಬ್ಯಾಟರಿಯ ಆಯುಷ್ಯ ಹೆಚ್ಚುತ್ತದೆ. ಬಳಸದ ಭಾಗಗಳನ್ನೆಲ್ಲ ಅದು ಒಂದೊಂದಾಗಿ ನಿದ್ದೆಗೆ ತಳ್ಳುತ್ತದೆ: ವೈಫೈ, ಯುಎಸ್‌ಬಿ, ಧ್ವನಿಯ ಚಿಪ್ಪು. ನಿತ್ಯದ ಬಳಕೆಗೆ ಇದು ಒಳ್ಳೆಯದೇ. ಧ್ವನಿಯ ಕೆಲಸ ಎಡವುವುದು ಮಾತ್ರ ಸರಿಯಾಗಿ ಇಲ್ಲಿ.

ಓಟ ಬೇರೆ, ತಾಳ ಬೇರೆ

ಧ್ವನಿಯ ಕೆಲಸಕ್ಕೆ ಭಾರೀ ಯಂತ್ರ ಬೇಕು ಎಂಬ ನಂಬಿಕೆ ಎಲ್ಲಿಂದ ಬಂತೋ. ಸಿನಿಮಾಕ್ಕೆ ನೂರು ಟ್ರ್ಯಾಕಿನ ಹಿನ್ನೆಲೆ ಸಂಗೀತ ಕೂಡಿಸುವವರಿಗೆ ಬೇಕು, ಒಪ್ಪೋಣ. ಒಂದೋ ಎರಡೋ ಮೈಕು ಹಿಡಿದು ಮಾತು, ಹಾಡು, ಗಮಕ, ತಾಳಮದ್ದಲೆ ರೆಕಾರ್ಡ್ ಮಾಡುವವರಿಗೆ ಲೆಕ್ಕದ ಭಾರ ಏನೇನೂ ಅಲ್ಲ. ಸೆಕೆಂಡಿಗೆ ಧ್ವನಿಯ 48,000 ಮಾದರಿ (ಸ್ಯಾಂಪಲ್), ಒಂದೊಂದಕ್ಕೂ 24 ಬಿಟ್. ಒಂದು ಮೈಕಿಗೆ ಗಂಟೆಗೆ ಹೆಚ್ಚೆಂದರೆ 520 ಎಂಬಿ. ಯೂಟ್ಯೂಬ್ ನೋಡುವಾಗ ಪ್ರೊಸೆಸರ್ ಇದಕ್ಕಿಂತ ಎಷ್ಟೋ ಹೆಚ್ಚು ದುಡಿಯುತ್ತದೆ. ಹಾಗಿದ್ದೂ ಇದೇ ಯಂತ್ರ ರೆಕಾರ್ಡಿಂಗಿನ ನಡುವೆ ‘ಪಟ್’ ಎಂದು ಒಂದು ಸಣ್ಣ ಸದ್ದು ಬಿಟ್ಟು ಇಡೀ ಟೇಕನ್ನು ಹಾಳುಮಾಡುತ್ತದೆ. ಯಾಕೆ?

ಯಾಕೆಂದರೆ ಧ್ವನಿ ಹೊಳೆಯಂತೆ ಹರಿದು ಬಂದರೂ ಕಂಪ್ಯೂಟರ್ ಅದನ್ನು ಕಂತುಕಂತಾಗಿ ಎತ್ತಿಕೊಳ್ಳುತ್ತದೆ. ಒಂದು ಕಂತಿಗೆ 256 ಮಾದರಿ ಎಂದಿಟ್ಟುಕೊಳ್ಳಿ. 48,000ದ ಲೆಕ್ಕದಲ್ಲಿ ಅದು 5.3 ಮಿಲಿಸೆಕೆಂಡು. ಅಂದರೆ ಸೆಕೆಂಡಿಗೆ 187 ಸಲ, ತಪ್ಪದೆ, ಯಂತ್ರ ಬಂದು ತುಂಬಿದ ಪಾತ್ರೆ ಎತ್ತಿ ಖಾಲಿ ಪಾತ್ರೆ ಇಡಬೇಕು. ನೂರಾ ಎಂಬತ್ತಾರು ಸಲ ಅರ್ಧ ಮಿಲಿಸೆಕೆಂಡಿನಲ್ಲೇ ಮುಗಿಸಿ ಉಳಿದ ಹೊತ್ತು ಕೈಕಟ್ಟಿ ಕೂತಿದ್ದರೂ ಮೆಚ್ಚುಗೆ ಇಲ್ಲ. ನೂರಾ ಎಂಬತ್ತೇಳನೆಯದಕ್ಕೆ ಆರು ಮಿಲಿಸೆಕೆಂಡು ತೆಗೆದುಕೊಂಡರೆ ‘ಪಟ್’. ಧ್ವನಿಮುದ್ರಣದ ಬಳಗದವರು ಅದನ್ನು ಎಕ್ಸ್‌ರನ್ ಎನ್ನುತ್ತಾರೆ. ಮೃದಂಗದವನ ತೋಳಿನ ಬಲವನ್ನು ಯಾರೂ ಕೇಳುವುದಿಲ್ಲ, ಸಮಕ್ಕೆ ಬಂದನೇ ಎಂದಷ್ಟೇ ನೋಡುತ್ತಾರೆ. ಹಾಗೆ. ಹಳೆಯ ಲ್ಯಾಪ್‌ಟಾಪನ್ನು ಧ್ವನಿಗೆ ಒಗ್ಗಿಸುವುದೆಂದರೆ ಅದರ ವೇಗ ಹೆಚ್ಚಿಸುವುದಲ್ಲ, ತಾಳ ತಪ್ಪುವ ಕಾರಣಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವುದು.

ಕಂತು ದೊಡ್ಡದು ಮಾಡಿದರೆ ತಾಳ ಹಿಡಿಯುವುದು ಸುಲಭ. 1024 ಮಾದರಿಯ ಕಂತಿಗೆ 21 ಮಿಲಿಸೆಕೆಂಡು ಸಿಗುತ್ತದೆ. ಆದರೆ ಹಾಡುವವರು ತಮ್ಮದೇ ದನಿಯನ್ನು ಕಂಪ್ಯೂಟರಿನ ಮೂಲಕ ಹೆಡ್‌ಫೋನಿನಲ್ಲಿ ಕೇಳುವಾಗ ಅಷ್ಟೇ ತಡ ಕಿವಿಗೂ ಬೀಳುತ್ತದೆ, ಹೋಗುವಾಗೊಮ್ಮೆ ಬರುವಾಗೊಮ್ಮೆ ಸೇರಿ ಅದರ ಎರಡರಷ್ಟಕ್ಕೂ ಮೇಲೆ. 5.3 ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸಾಗುವ ದೂರ ಆರು ಅಡಿ. ಕಚೇರಿಯ ವೇದಿಕೆಯಲ್ಲಿ ಗಾಯಕರಿಗೂ ಪಕ್ಕವಾದ್ಯದವರಿಗೂ ಇರುವ ಅಂತರ ಸುಮಾರು ಅಷ್ಟೇ. ಯಾರಿಗೂ ಅದು ತೊಡಕೆನಿಸುವುದಿಲ್ಲ. ನಲವತ್ತು ಮಿಲಿಸೆಕೆಂಡು ದಾಟಿತೋ, ಹಾಡುವವರು ತಮ್ಮ ದನಿಯನ್ನೇ ಕಾಯುತ್ತಾ ಎಳೆಯತೊಡಗುತ್ತಾರೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರಂತೂ ಕೇಳಲೇಬೇಡಿ, ಅದರ ತಡ ಇದಕ್ಕೂ ಎಷ್ಟೋ ಪಾಲು ಹೆಚ್ಚು. ರೆಕಾರ್ಡಿಂಗಿಗೆ ವೈರೇ ಗತಿ.

ಈ ತಾಳದ ವಿಷಯದಲ್ಲಿ ಲಿನಕ್ಸಿನ ಚರಿತ್ರೆ ಸ್ವಾರಸ್ಯಕರ. ಧ್ವನಿಯ ಚಿಪ್ಪಿನೊಡನೆ ನೇರ ಮಾತಾಡುವ ತಳಪದರ ಆಲ್ಸಾ. ಅದರ ಮೇಲೆ ವರ್ಷಗಟ್ಟಲೆ ಎರಡು ಮನೆತನಗಳಿದ್ದವು. ಹಾಡು ಕೇಳುವ, ಕರೆ ಮಾಡುವ ಮಾಮೂಲಿ ಜನಕ್ಕೆ ಪಲ್ಸ್‌ಆಡಿಯೊ. ತಡವೇ ಆಗಬಾರದೆನ್ನುವ ಸಂಗೀತಗಾರರಿಗೆ ಜ್ಯಾಕ್. ಜ್ಯಾಕ್ ಬರೆದವರು ಪಾಲ್ ಡೇವಿಸ್. ಅಮೆಜಾನ್ ಕಂಪನಿಯ ಮೊಟ್ಟಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬರಾಗಿದ್ದವರು. ಅಲ್ಲಿಂದ ಹೊರಬಂದ ಮೇಲೆ ಅರ್ಡರ್ ಎಂಬ ಧ್ವನಿಮುದ್ರಣ ತಂತ್ರಾಂಶವನ್ನೂ ಕಟ್ಟಿದರು, ಈಗಲೂ ಕಟ್ಟುತ್ತಿದ್ದಾರೆ. ಎರಡು ಮನೆತನಗಳಿಗೂ ಆಗಿಬರುತ್ತಿರಲಿಲ್ಲ. ಜ್ಯಾಕ್ ಎದ್ದರೆ ಬ್ರೌಸರಿನ ಸದ್ದು ಮಾಯ, ಅದನ್ನು ಮರಳಿ ತರಲು ಸೇತುವೆ ಕಟ್ಟಬೇಕು. ಆ ಕಾಲದಲ್ಲಿ ಲಿನಕ್ಸ್ ಆಡಿಯೊ ಎಂದರೆ ಹಾಡಿಗಿಂತ ಹೊಂದಾಣಿಕೆಗೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಈ ಜಗಳವನ್ನು ಬಿಡಿಸಿದ್ದು ವಿಮ್ ಟೇಮನ್ಸ್ ಬರೆದ ಪೈಪ್‌ವೈರ್. ಶುರುವಾದದ್ದು ಕ್ಯಾಮೆರಾದ ಚಿತ್ರವನ್ನು ಹಲವು ತಂತ್ರಾಂಶಗಳಿಗೆ ಹಂಚುವುದಕ್ಕೆ. ಬೆಳೆದದ್ದು ಎರಡೂ ಮನೆತನಗಳ ಭಾಷೆಯಲ್ಲಿ ಮಾತಾಡಬಲ್ಲ ಒಂದೇ ಯಜಮಾನನಾಗಿ. 2021ರಲ್ಲಿ ಫೆಡೋರಾ 34 ಎಂಬ ಲಿನಕ್ಸ್ ಆವೃತ್ತಿ ಅದನ್ನೇ ಪಟ್ಟಕ್ಕೇರಿಸಿತು, 2023ರ ನವೆಂಬರಿನಲ್ಲಿ 1.0 ಬಂತು. ಈಗ ಒಂದು ಕಿಟಕಿಯಲ್ಲಿ ಅರ್ಡರ್ ತೆರೆದು, ಇನ್ನೊಂದರಲ್ಲಿ ಹಳೆಯ ಕಛೇರಿಯೊಂದನ್ನು ಕೇಳುತ್ತಾ ಕೂರಬಹುದು. ನಿಮ್ಮ ಯಂತ್ರದಲ್ಲಿ ಹಳೆಯ ಪಲ್ಸ್‌ಆಡಿಯೊ ಇದ್ದರೆ ತೆಗೆದು ಇದನ್ನು ಹಾಕಿ, ಮರುಮಾತಿಲ್ಲ.

ಇನ್ನು ಕರ್ನಲ್ ಸಂಖ್ಯೆಯ ನಂಟು. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸಲೇಬೇಕು ಎಂಬ ಶಿಸ್ತನ್ನು ಲಿನಕ್ಸಿಗೆ ಕಲಿಸುವ ‘ರಿಯಲ್‌ಟೈಮ್’ ತೇಪೆಗಳು ಸುಮಾರು ಇಪ್ಪತ್ತು ವರ್ಷ ಮೂಲ ಕರ್ನಲಿನ ಹೊರಗಡೆಯೇ ಬೆಳೆದವು. 2024ರ ಸೆಪ್ಟೆಂಬರಿನಲ್ಲಿ, ವಿಯೆನ್ನಾದಲ್ಲಿ, ಆ ತೇಪೆಗಳ ಮುಂದಾಳು ಥಾಮಸ್ ಗ್ಲೈಕ್ಸ್‌ನರ್ ಅವನ್ನು ಸೇರಿಸಿಕೊಳ್ಳಿ ಎಂಬ ಕಡೆಯ ವಿನಂತಿಯನ್ನು ಕಾಗದದಲ್ಲಿ ಮುದ್ರಿಸಿ, ಚಿನ್ನದ ಬಣ್ಣದ ಹೊದಿಕೆಯಲ್ಲಿ ಸುತ್ತಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಕೈಗಿಟ್ಟರು. ಅದು ಒಳಸೇರಿದ್ದು 6.12ರಲ್ಲಿ. ಕಾರ್ಖಾನೆಯ ಯಂತ್ರಗಳಿಗೂ ಧ್ವನಿಮುದ್ರಕರಿಗೂ ಒಂದೇ ಔಷಧ ಎನ್ನುವುದು ನನಗೆ ಇಷ್ಟವಾದ ಸಂಗತಿ. ಹಾಗೆಂದು ರಿಯಲ್‌ಟೈಮ್ ಕರ್ನಲನ್ನೇ ಹಾಕಿಕೊಳ್ಳಬೇಕೆಂದಿಲ್ಲ. ಎರಡು ಮೈಕಿನ ಕೆಲಸಕ್ಕೆ ಮಾಮೂಲಿ ಕರ್ನಲ್ ಸಾಕು, ಮನೆ ಸ್ವಚ್ಛವಾಗಿದ್ದರೆ.

ಒಂದು ಗುಂಡಿ, ಎರಡು ಸ್ವಭಾವ

ಕಸ ಎಲ್ಲಿದೆ ಎಂದು ತೋರಿಸಲು ಪಿಡಬ್ಲ್ಯು-ಟಾಪ್ ಎಂಬ ಪುಟ್ಟ ಪರದೆಯಿದೆ. ಟರ್ಮಿನಲಿನಲ್ಲಿ ಅದನ್ನು ತೆರೆದರೆ ಧ್ವನಿಗೆ ಸಂಬಂಧಿಸಿದ ಎಲ್ಲರ ಹೆಸರೂ ಸಾಲಾಗಿ ಕಾಣುತ್ತದೆ, ಯಾರು ಎಷ್ಟು ಹೊತ್ತು ತೆಗೆದುಕೊಂಡರು ಎಂಬ ಲೆಕ್ಕದೊಡನೆ. ತಪ್ಪುಗಳಿಗೆಂದೇ ಒಂದು ಕಾಲಂ. ತಾಳ ತಪ್ಪಿದಾಗೆಲ್ಲ ಅಲ್ಲಿನ ಅಂಕಿ ಒಂದು ಏರುತ್ತದೆ. ಕಂತನ್ನು 256ಕ್ಕೆ ಇಳಿಸಿ, ರೆಕಾರ್ಡಿಂಗ್ ಶುರುಮಾಡಿ, ಆ ಅಂಕಿಯ ಮೇಲೆ ಕಣ್ಣಿಟ್ಟು ಕೂರಿ. ವೈಫೈ ಆರಿಸಿ ನೋಡಿ. ಬ್ರೌಸರ್ ಮುಚ್ಚಿ ನೋಡಿ. ಒಂದೊಂದು ಬಾಗಿಲು ಮುಚ್ಚುತ್ತಿದ್ದ ಹಾಗೆ ಅಂಕಿ ಏರುವುದು ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ನನ್ನ ಯಂತ್ರದಲ್ಲಿ ಮುಖ್ಯ ಆರೋಪಿ ವೈಫೈ. ಎರಡನೆಯದು ಡೆಬಿಯನ್ ತನ್ನಷ್ಟಕ್ಕೆ ಹೊಸ ಆವೃತ್ತಿಗಳಿವೆಯೇ ಎಂದು ಆಗಾಗ ಎದ್ದು ನೋಡುವ ಚಾಳಿ.

ಮೂರನೆಯದು ಪ್ರೊಸೆಸರಿನದೇ ಸ್ವಭಾವ. ಕೆಲಸ ಇಲ್ಲದಾಗ ಅದು ನಿಧಾನಿಸಿ ತೂಕಡಿಸುತ್ತದೆ, ಬಂದಾಗ ದಡಕ್ಕನೆ ಎದ್ದು ಓಡುತ್ತದೆ. ಏಳುವ ಆ ಗಳಿಗೆಯಲ್ಲೇ ತಾಳ ತಪ್ಪುವುದು. ಇದಕ್ಕೆ ಎಲ್ಲರೂ ಹೇಳುವ ಮದ್ದು, ಪ್ರೊಸೆಸರನ್ನು ಸದಾ ಗರಿಷ್ಠ ವೇಗದಲ್ಲೇ ಇಟ್ಟುಬಿಡಿ ಎಂದು. ಮೈಕಿನಿಂದ ದೂರ, ಬೇರೆ ಕೋಣೆಯಲ್ಲಿ ಕಂಪ್ಯೂಟರ್ ಇಡುವವರಿಗೆ ಅದು ಸರಿ. ಒಂದೇ ಮೇಜಿನ ಮೇಲೆ ಮೈಕೂ ಲ್ಯಾಪ್‌ಟಾಪೂ ಇರುವ ನಮ್ಮಂಥವರು ಹಾಗೆ ಮಾಡಿದರೆ ಹತ್ತೇ ನಿಮಿಷದಲ್ಲಿ ಬಿಸಿಯೇರಿ ಫ್ಯಾನು ಹುಯ್ಯಲಿಡುತ್ತದೆ. ‘ಪಟ್’ ಹೋಗಿ ‘ಹೂಂ’ ಬರುತ್ತದೆ. ಆದ್ದರಿಂದ ನಾನು ಪ್ರೊಸೆಸರಿನ ವೇಗ ಏರಿಸುವ ಟರ್ಬೊ ಸೌಲಭ್ಯವನ್ನು ನಿಲ್ಲಿಸುತ್ತೇನೆ, ವೇಗವನ್ನು ಮಧ್ಯದಲ್ಲೆಲ್ಲೋ ಕಟ್ಟಿಹಾಕುತ್ತೇನೆ, ಅದು ಏರಲೂ ಬಾರದು ಇಳಿಯಲೂ ಬಾರದು. ಅರ್ಧ ವೇಗದಲ್ಲಿ ಒಂದೇ ನಡಿಗೆ. ಫ್ಯಾನೂ ಸುಮ್ಮನೆ, ತಾಳವೂ ಸರಿ.

ಇದನ್ನೆಲ್ಲ ಪ್ರತಿಸಲ ಕೈಯಲ್ಲಿ ಮಾಡುತ್ತ ಕೂತರೆ ಹಾಡಲು ಬಂದವರು ಎದ್ದುಹೋಗುತ್ತಾರೆ. ಹಾಗಾಗಿ ಹತ್ತಾರು ಸಾಲಿನ ಎರಡು ಸ್ಕ್ರಿಪ್ಟು ಬರೆದು ಎಕ್ಸ್‌ಎಫ್‌ಸಿಇಯ ಪಟ್ಟಿಯ ಮೇಲೆ ಎರಡು ಗುಂಡಿ ಕೂರಿಸಿದ್ದೇನೆ. ಮೈಕಿನ ಚಿತ್ರದ್ದು ಒತ್ತಿದರೆ ವೈಫೈ, ಬ್ಲೂಟೂತ್ ಆರುತ್ತವೆ, ತಾನಾಗಿ ಏಳುವ ಕೆಲಸಗಳು ನಿಲ್ಲುತ್ತವೆ, ಯುಎಸ್‌ಬಿ ನಿದ್ದೆ ರದ್ದಾಗುತ್ತದೆ, ವೇಗಕ್ಕೆ ಗೂಟ, ಕಂತು 256. ಸೂರ್ಯನ ಚಿತ್ರದ್ದು ಒತ್ತಿದರೆ ಎಲ್ಲ ಮೊದಲಿನಂತೆ. ದಿನವಿಡೀ ನಿದ್ದೆಗೆಳೆಯುವ ಯಂತ್ರ ಅಗತ್ಯ ಬಿದ್ದಾಗ ಎಚ್ಚರವಾಗಿ ಕೂರುತ್ತದೆ. ನಿತ್ಯದ ಬಳಕೆಗೂ ಒಂದು ಸಣ್ಣ ತಿದ್ದುಪಡಿ ಬೇಕು: ಧ್ವನಿಯ ಚಿಪ್ಪಿನ ನಿದ್ದೆಯನ್ನು ಟಿಎಲ್‌ಪಿಯಲ್ಲಿ ಕಾಯಂ ಆಗಿ ತೆಗೆದುಬಿಡಿ. ಇಲ್ಲದಿದ್ದರೆ ಯಾವುದೇ ಫೈಲು ಹಾಕಿದಾಗಲೂ ಮೊದಲು ‘ಟಪ್’, ಆಮೇಲೆ ಅರ್ಧ ಅಕ್ಷರ ನುಂಗಿದ ದನಿ. ಸಂದರ್ಶನ ಕೇಳಿ ಬರೆದುಕೊಳ್ಳುವ ಪತ್ರಕರ್ತರಿಗೆ ಇದು ನಿಜವಾದ ಕಾಟ.

ಮೈಕು, ಅರ್ಥಿಂಗು, ಗಮಕ

ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಮೈಕು ಚುಚ್ಚಿ ಒಳ್ಳೆಯ ಧ್ವನಿಯನ್ನು ನಿರೀಕ್ಷಿಸಬೇಡಿ. ಯುಎಸ್‌ಬಿ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕು. ಯುಎಸ್‌ಬಿ ಆಡಿಯೊದ ಸಾಮಾನ್ಯ ನಿಯಮಕ್ಕೆ ಬದ್ಧವಾದ ಪೆಟ್ಟಿಗೆಯಾದರೆ ಲಿನಕ್ಸಿನಲ್ಲಿ ಡ್ರೈವರ್ ಹಾಕುವ ಗೊಡವೆಯಿಲ್ಲ, ಚುಚ್ಚಿದರೆ ಕಾಣಿಸುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಇಂಥದ್ದು. ಎರಡು ಮೈಕಿಗೆ ಜಾಗ, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟು, ತಡವಿಲ್ಲದೆ ತಮ್ಮ ದನಿ ಕೇಳಿಸಿಕೊಳ್ಳಲು ಡೈರೆಕ್ಟ್ ಮಾನಿಟರ್ ಸ್ವಿಚ್ಚು. ಮೂರನೇ ತಲೆಮಾರಿನದನ್ನು ಕೊಂಡವರಿಗೆ ಒಂದು ಕಿವಿಮಾತು: ಹೊಸದಾಗಿ ಪೆಟ್ಟಿಗೆಯಿಂದ ತೆಗೆದಾಗ ಅದು ತಾನೊಂದು ಪೆನ್‌ಡ್ರೈವ್ ಎಂಬಂತೆಯೂ ಮುಖ ತೋರಿಸುತ್ತದೆ. 48 ವೋಲ್ಟಿನ ಗುಂಡಿ ಒತ್ತಿ ಹಿಡಿದುಕೊಂಡೇ ಕೇಬಲ್ ಚುಚ್ಚಿದರೆ ಆ ವೇಷ ಕಳಚುತ್ತದೆ.

ಎರಡು ಮೈಕು ಯಾಕೆಂದರೆ ಗಮಕ. ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಹೇಳುವವರು ಇನ್ನೊಬ್ಬರು. ಕುಮಾರವ್ಯಾಸನ ಭಾಮಿನಿಯನ್ನು ರಾಗವಾಗಿ ಓದುವ ದನಿಯ ಏರಿಳಿತಕ್ಕೂ ಅದನ್ನು ಬಿಡಿಸಿ ಹೇಳುವ ಮಾತಿನ ದನಿಗೂ ಅಜಗಜಾಂತರ. ಒಂದೇ ಮೈಕಿನಲ್ಲಿ ಹಿಡಿದರೆ ಓದು ಅಬ್ಬರಿಸುತ್ತದೆ, ಅರ್ಥ ಗೊಣಗುತ್ತದೆ. ಬೇರೆ ಬೇರೆ ಟ್ರ್ಯಾಕಿನಲ್ಲಿದ್ದರೆ ಆಮೇಲೆ ಹದ ಮಾಡಬಹುದು.

ನಮ್ಮ ಬೀದಿಯ ಹಿರಿಯ ಗಮಕಿಯೊಬ್ಬರನ್ನು ಮೊದಲಸಲ ಕೂರಿಸಿದಾಗ ಅವರು ಲ್ಯಾಪ್‌ಟಾಪನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟರಲ್ಲೇ ಆಗುತ್ತೇನಪ್ಪಾ? ಆಕಾಶವಾಣೀಲಿ ಗಾಜಿನ ಕೋಣೆ, ಆಚೆ ಕಡೆ ಕೈ ಎತ್ತೋರು ಒಬ್ರು, ಎಲ್ಲಾ ಇರ್ತಿದ್ರು” ಎಂದರು.

“ಆಗುತ್ತೆ ಸಾರ್. ಸೀಲಿಂಗ್ ಫ್ಯಾನೊಂದು ಆರಿಸ್ತೀನಿ, ಸ್ವಲ್ಪ ಸೆಕೆ ತಡ್ಕೋಬೇಕು.”

“ಫ್ರಿಜ್ಜೂ ಆರಿಸಪ್ಪಾ, ಅದು ಶ್ರುತಿ ಸೇರ್ತಾ ಇಲ್ಲ.”

ಅವರ ಕಿವಿಗೆ ಬಿದ್ದ ಫ್ರಿಜ್ಜು ನನ್ನ ಹೆಡ್‌ಫೋನಿಗೆ ಅಷ್ಟಾಗಿ ಬಿದ್ದಿರಲಿಲ್ಲ. ಬಿದ್ದದ್ದು ಬೇರೆ: ಕೆಳಗಿನಿಂದ ಏಳುವ ಒಂದೇ ಸಮನೆ ಗುಂಯ್. ನಮ್ಮ ಕರೆಂಟಿನ 50 ಹರ್ಟ್ಸ್, ಅದರ ಬೆನ್ನಿಗೆ 100, 150. ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ಅರ್ಥಿಂಗ್ ಇರುತ್ತದೆಂಬ ಖಾತ್ರಿ ಇಲ್ಲ. ಚಾರ್ಜರಿನಿಂದ ಸೋರುವ ಅಷ್ಟಿಷ್ಟು ವಿದ್ಯುತ್ತು ನೆಲಕ್ಕಿಳಿಯುವ ದಾರಿ ಕಾಣದೆ ಯುಎಸ್‌ಬಿ ಹಿಡಿದು ಮೈಕಿನ ತನಕ ಬರುತ್ತದೆ. ಗಂಡಸರ ಶ್ರುತಿ ಒಂದೂವರೆಗೆ ಇಟ್ಟರೆ ಷಡ್ಜ ಸುಮಾರು 138 ಹರ್ಟ್ಸ್; ಅದರ ಮಗ್ಗುಲಲ್ಲೇ 150ರ ಗುಂಯ್ ಕೂತರೆ ಶ್ರುತಿಯೇ ಕದಡಿದಂತೆ. ತಂತ್ರಾಂಶದಲ್ಲಿ ಇದನ್ನು ಕೊಯ್ಯಲು ಹೋದರೆ ದನಿಯ ಒಂದು ತುಂಡೂ ಹೋಗುತ್ತದೆ. ಚಾರ್ಜರ್ ಕಿತ್ತರೆ ಮಾತ್ರ ಗುಂಯ್ ಬೇರುಸಹಿತ ಹೋಗುತ್ತದೆ. ಎಕ್ಸ್270ರ ಜೋಡಿ ಬ್ಯಾಟರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿಂದಿನದು ಮುಗಿಯುತ್ತ ಬಂದರೆ ಯಂತ್ರ ಆರಿಸದೆ, ರೆಕಾರ್ಡಿಂಗ್ ನಿಲ್ಲಿಸದೆ, ಅದನ್ನು ತೆಗೆದು ಚಾರ್ಜ್ ಆದ ಇನ್ನೊಂದನ್ನು ಸಿಕ್ಕಿಸಬಹುದು. ಆ ಹೊತ್ತು ಒಳಗಿನದು ನಡೆಸಿಕೊಡುತ್ತದೆ. ಬದಲಿ ಬ್ಯಾಟರಿ ಒಂದಿದ್ದರೆ ಒಂದು ಸಂಧಿಯ ವಾಚನವನ್ನು ನೆಮ್ಮದಿಯಾಗಿ ಮುಗಿಸಬಹುದು, ಕರೆಂಟು ಹೋದರೂ.

ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆ ತುಂಬಿದ ಬೀರು ತೆರೆದಿಡಿ, ಎದುರಿಗೆ ರಜಾಯಿ ನೇತುಹಾಕಿ, ಕುಕ್ಕರಿನ ಹೊತ್ತು ತಪ್ಪಿಸಿ.

ಆಮೇಲಿನ ಕೆಲಸ

ಕತ್ತರಿಸಿ ಅಂಟಿಸುವುದಷ್ಟೇ ಆದರೆ ಅಡಾಸಿಟಿ ಸಾಕು. ಟ್ರ್ಯಾಕುಗಳನ್ನು ಬೇರೆಬೇರೆಯಾಗಿ ಹದ ಮಾಡುವುದಿದ್ದರೆ ಅರ್ಡರ್. ಅರ್ಡರನ್ನು ಅದರ ತಾಣದಿಂದ ಸಿದ್ಧರೂಪದಲ್ಲಿ ಇಳಿಸಿಕೊಂಡರೆ ದುಡ್ಡು ಕೇಳುತ್ತಾರೆ, ಡೆಬಿಯನ್ ಭಂಡಾರದಿಂದ ಹಾಕಿಕೊಂಡರೆ ಇಲ್ಲ. ಬಳಸಿ ಬದುಕಿಕೊಂಡವರು ಒಂದಿಷ್ಟು ಕೊಡುವುದು ಮರ್ಯಾದೆ. ಗದ್ದಲ ತೆಗೆಯಲು ಆರ್‌ಎನ್‌ನಾಯ್ಸ್ ಎಂಬ ಚಮತ್ಕಾರದ ಸಲಕರಣೆ ಇದೆ, ಜೀನ್-ಮಾರ್ಕ್ ವ್ಯಾಲಿನ್ 2017ರಲ್ಲಿ ಹೊರತಂದದ್ದು. ಮಾತಿಗೆ ಅದ್ಭುತ, ಬೀದಿಯ ಆಟೊ ಸದ್ದನ್ನು ಎತ್ತಿ ಆಚೆಗಿಡುತ್ತದೆ. ಆದರೆ ಅದು ಮಾತನ್ನು ಮಾತ್ರ ಕೇಳಿ ಬೆಳೆದ ಕೂಸು. ಹಿನ್ನೆಲೆಯ ಶ್ರುತಿಪೆಟ್ಟಿಗೆಯ ಎಳೆಯನ್ನೂ ಗದ್ದಲವೆಂದೇ ಬಗೆದು ಅಲ್ಲಲ್ಲಿ ಕಚ್ಚಿಹಾಕುತ್ತದೆ. ಗಮಕ, ಸಂಗೀತಕ್ಕೆ ಮುಟ್ಟಿಸಬೇಡಿ.

ದನಿಯ ಮಟ್ಟಕ್ಕೂ ಎಲ್‌ಯುಎಫ್‌ಎಸ್ ಎಂಬ ಒಂದು ಅಳತೆ ಇದೆ. ಯುರೋಪಿನ ರೇಡಿಯೊ–ಟಿವಿಗಳು ಮೈನಸ್ 23 ಎಲ್‌ಯುಎಫ್‌ಎಸ್‌ಗೆ ಹೊಂದಿಸುತ್ತವೆ, ಪಾಡ್‌ಕಾಸ್ಟುಗಳಿಗೆ ಮೈನಸ್ 16ರ ಆಸುಪಾಸು ರೂಢಿ. ಎಫ್‌ಎಫ್‌ಎಂಪೆಗ್ ಎಂಬ ಸಲಕರಣೆ ಒಂದೇ ಆಜ್ಞೆಯಲ್ಲಿ ಅಲ್ಲಿಗೆ ತಂದುಬಿಡುತ್ತದೆ. ಮೂಲ ಫೈಲನ್ನು ಫ್ಲ್ಯಾಕ್ ರೂಪದಲ್ಲಿ ಎರಡು ಕಡೆ ಇಡಿ. ವಾಟ್ಸ್‌ಆ್ಯಪಿನಲ್ಲಿ ಕೇಳುವ ನೆಂಟರಿಗೆ ಓಪಸ್: 32 ಕಿಲೋಬಿಟ್‌ನಲ್ಲಿ ಗಂಟೆಗೆ 15 ಎಂಬಿಯೊಳಗೇ ಮುಗಿಯುತ್ತದೆ, ಮಾತು ಸ್ಪಷ್ಟವಾಗೇ ಇರುತ್ತದೆ.

ಕೈಲಾಗದ್ದೂ ಇದೆ. ಸಿನಿಮಾ ಸಂಗೀತದವರು ಬಳಸುವ ದುಬಾರಿ ವಾದ್ಯ ಸಂಗ್ರಹಗಳಲ್ಲಿ ಹಲವು ಲಿನಕ್ಸಿಗೆ ಬರುವುದಿಲ್ಲ. ಸರ್ಕಾರಿ ಟೆಂಡರಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಒಂದು ವಿಂಡೋಸ್ ಯಂತ್ರವನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದೇ ವಾಸಿ. 1366 ಪಿಕ್ಸೆಲಿನ ಪರದೆಯಲ್ಲಿ ಅರ್ಡರಿನ ಮಿಕ್ಸರ್ ಪೂರ್ತಿ ಕಾಣುವುದಿಲ್ಲ, ಸರಿಸುತ್ತಿರಬೇಕು. ಫುಲ್ ಎಚ್‌ಡಿ ಪರದೆಯದು ಸಿಕ್ಕರೆ ಸಾವಿರ–ಎರಡು ಸಾವಿರ ಹೆಚ್ಚಾದರೂ ಬಿಡಬೇಡಿ.

ಕೊಳ್ಳಲು ಹೋಗುವಾಗ ಡೆಬಿಯನ್ ಲೈವ್ ಇರುವ ಪೆನ್‌ಡ್ರೈವ್ ಒಂದನ್ನೂ ವೈರಿನ ಇಯರ್‌ಫೋನ್ ಒಂದನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯ ಕೌಂಟರಿನ ಮೇಲೇ ಅದರಿಂದ ಯಂತ್ರ ಏಳಿಸಿ. ಎರಡೂ ಕಿವಿಗೆ ಸದ್ದು ಬರುತ್ತದೆಯೇ, ತಂತಿ ಅಲುಗಿಸಿದರೆ ಕರಕರ ಎನ್ನುತ್ತದೆಯೇ ಕೇಳಿ. ಯುಎಸ್‌ಬಿ ಕಿಂಡಿಗಳಿಗೆಲ್ಲ ಏನಾದರೂ ಚುಚ್ಚಿ ನೋಡಿ. ಸಡಿಲವಾದ ಕಿಂಡಿ ಇಂಟರ್‌ಫೇಸಿನ ಶತ್ರು. ಬ್ಯಾಟರಿಯ ವಿವರದಲ್ಲಿ ಮೂಲ ಸಾಮರ್ಥ್ಯಕ್ಕೂ ಈಗಿನ ಸಾಮರ್ಥ್ಯಕ್ಕೂ ಎಷ್ಟು ಅಂತರ ಎಂದು ಓದಿ, ಚೌಕಾಸಿಗೆ ಅದೇ ಬಂಡವಾಳ. ಹಣ ಎಣಿಸುವ ಮೊದಲು ಯಂತ್ರ ಆರಿಸಿ, ಮತ್ತೆ ಹೊತ್ತಿಸಿ ಬಯಾಸ್‌ನೊಳಗೆ ಹೋಗಿ. ಹಿಂದಿನ ಕಂಪನಿಯವರು ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿಬಿಟ್ಟಿದ್ದರೆ ಥಿಂಕ್‌ಪ್ಯಾಡಿನಲ್ಲಿ ಅದನ್ನು ತೆಗೆಸುವುದು ಸುಲಭವಲ್ಲ. ಒಳಬ್ಯಾಟರಿಯನ್ನೂ ಆರಿಸಲಾಗದು, ಬಯಾಸ್‌ನ ಇನ್ನಾವ ಆಯ್ಕೆಯನ್ನೂ ಬದಲಿಸಲಾಗದು. “ಪಾಸ್‌ವರ್ಡ್ ಗೊತ್ತಿಲ್ಲ ಸಾರ್, ಆದ್ರೆ ಅದ್ರಿಂದ ಏನೂ ತೊಂದ್ರೆ ಆಗಲ್ಲ” ಎಂದು ಅಂಗಡಿಯವರು ಹೇಳಿದರೆ, ಪೇರಿಕೆಯಲ್ಲಿ ಅದರ ಕೆಳಗಿರುವುದನ್ನು ತೆಗೆಸಿ.